ಸುಣ್ಣದ ಗೆರೆಯೊಳಗಿನ ಗುಡಿಸಲು

"ಹೊಂಗಲಪುರದ ಬೊಮ್ಮರಸ ಮಹಾರಾಜರ ಆಜ್ಞೆ! ನಾಲ್ಕನೆಯ ಅರಮನೆಗೆ ಪಾಯ ತೆಗೆಯುವ ಮೊದಲು ರಾಜಕುಮಾರಿ ಮಲ್ಲಾಂಬೆಯ ಮೂರು ಒಗಟುಗಳನ್ನು ಬಿಡಿಸಬೇಕು. ಬಿಡಿಸಿದವನಿಗೆ ಅರಮನೆ ಕಟ್ಟಿಸುವ ಅಧಿಕಾರ, ರಾಜಕುಮಾರಿಯೊಡನೆ ಮದುವೆ. ತಪ್ಪಿದವನಿಗೆ ತಲೆದಂಡ!"

ಡಂಗುರದವನು ಇದನ್ನು ಬೀದಿಬೀದಿಯಲ್ಲಿ ಸಾರಿದ. ಒಗಟಿಗೆ ಕಾರಣವಿತ್ತು. ಮೊದಲನೆಯ ಅರಮನೆ ಒಂದೇ ಮಳೆಗೆ ಕೆರೆಯಾಗಿತ್ತು. ಎರಡನೆಯದಕ್ಕೆ ಉಪ್ಪರಿಗೆ ಕಟ್ಟಿ ಮೆಟ್ಟಿಲು ಮರೆತಿದ್ದರು. ಮೂರನೆಯದರಲ್ಲಿ ಅಡುಗೆಮನೆಯ ಹೊಗೆ ನೇರವಾಗಿ ಸಿಂಹಾಸನಕ್ಕೆ ಬರುತ್ತಿತ್ತು. ರಾಜರು ಕೆಮ್ಮುತ್ತಲೇ ತೀರ್ಪು ಕೊಡುತ್ತಿದ್ದರು. ಯೋಚಿಸದೆ ಕಟ್ಟುವವರಿಗೆ ಇದು ಆಗಬೇಕಾದದ್ದೇ.

ನಾಲ್ಕನೆಯದಕ್ಕೆಂದು ಊರಾಚೆ ಗೂಟ ಬಡಿದು, ದಾರ ಹಿಡಿದು, ಸುಣ್ಣದ ಗೆರೆ ಎಳೆದಾಗಿತ್ತು. ಆ ಗೆರೆ ಚೌಡನ ಗುಡಿಸಲಿನ ಒಲೆಯ ಮೇಲೇ ಹಾದುಹೋಗಿತ್ತು. ಚೌಡ ಗೋಡೆಗೆ ಮಣ್ಣು ತುಳಿಯುವವನು. ಬೇರೆ ಯಾರಾದರೂ ಒಗಟು ಬಿಡಿಸಿದರೆ ಗುಡಿಸಲು ಹೋಯಿತು. ಆದ್ದರಿಂದ ಅವನೇ ಹೊರಟ.

"ಲೋ, ತಲೆ ಹೋದ್ರೆ?" ಎಂದಳು ತಾಯಿ ದುರ್ಗವ್ವ.

"ಸೂರು ಹೋದ್ಮೇಲೆ ತಲೆ ಎಲ್ಲಿಡ್ಲವ್ವಾ?"

ಮೂರನೆಯ ಅರಮನೆಯ ಸಭೆಯಲ್ಲಿ ಮಲ್ಲಾಂಬೆ ಮೊದಲ ಒಗಟು ಒಡ್ಡಿದಳು. "ಕಟ್ಟುವ ಮೊದಲೇ ಜಾಗಕ್ಕೆ ಬಂದುಹೋಗುತ್ತಾನೆ. ದಾರಿ ಬಿಟ್ಟರೆ ತನ್ನ ಪಾಡಿಗೆ ಹೋಗುತ್ತಾನೆ, ಅಡ್ಡ ಕಟ್ಟಿದರೆ ಒಳಗೇ ಬಂದು ಕೂರುತ್ತಾನೆ. ಯಾರವನು?"

"ವಾಸ್ತುಪುರುಷ!" ಎಂದ ಮಂತ್ರಿಯ ತಮ್ಮ.

"ಅಳಿಯ!" ಎಂದ ರೇಷ್ಮೆ ಪೇಟದ ವಿದ್ವಾಂಸ. ಸಭೆ ಬಿದ್ದು ಬಿದ್ದು ನಕ್ಕಿತು, ರಾಜರೂ ನಕ್ಕರು. ಆದರೆ ತಪ್ಪು ತಪ್ಪೇ. ಇಬ್ಬರನ್ನೂ ಪಕ್ಕದ ಎರಡನೆಯ ಅರಮನೆಯ ಮೆಟ್ಟಿಲಿಲ್ಲದ ಉಪ್ಪರಿಗೆಗೆ ಹತ್ತಿಸಿ ಏಣಿ ತೆಗೆದರು. ತಲೆದಂಡ ಹುಣ್ಣಿಮೆಗೆಂದು ನಿಶ್ಚಯವಾಯಿತು.

ಚೌಡ ಕೈಮುಗಿದ. "ಮಳೆನೀರು, ತಾಯಿ. ಜಾಗದಲ್ಲಿ ಒಂದು ಕೊಡ ನೀರು ಸುರಿದು, ಎತ್ತ ಓಡ್ತದೆ ಅಂತ ನೋಡ್ಕೊಂಡೇ ಪಾಯ ತೆಗೀಬೇಕು."

"ಸರಿ. ಇಂದು ಮಗು ಕಾಲಿನಲ್ಲಿ ಒರೆಸಿಹಾಕಬಹುದಾದ ಗೋಡೆ, ಬರುವ ವರ್ಷ ಆನೆ ನೂಕಿದರೂ ಅಲುಗದು. ಯಾವುದು?"

"ಸುಣ್ಣದ ಗೆರೆ. ತಪ್ಪಿದ್ರೆ ಇವತ್ತೇ ಅಳಿಸಬೇಕು. ಕಟ್ಟಿದ್ಮೇಲೆ ಕೆಮ್ಮೋದೇ ಗತಿ."

"ಏನಯ್ಯಾ, ನನಗೆ ಅಂದೆಯಾ?" ರಾಜರು ಕೆಮ್ಮಿದರು.

"ಹೊಗೆಗೆ ಅಂದೆ, ಬುದ್ಧಿ."

ಮಲ್ಲಾಂಬೆ ತುಟಿ ಕಚ್ಚಿ ನಗು ತಡೆದಳು. "ಕೊನೆಯದು. ಮನೆ ಮುಗಿದ ಮೇಲೆ ದಿನವೂ ಕಿವಿಗೆ ಬೀಳುವ ಮಾತು, ಕಟ್ಟುವ ಮೊದಲು ಯಾರಿಗೂ ಬೇಕಿಲ್ಲ. ಯಾರ ಮಾತದು?"

ಚೌಡ ಒಗಟನ್ನು ಬಾಯಲ್ಲೇ ಎರಡು ಸಲ ಹೇಳಿಕೊಂಡ. ಭಟ ಏಣಿ ಎತ್ತಿಕೊಂಡ. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ಸುತ್ತು ಹೊಗೆ ಬಂತು, ಅದರ ಹಿಂದೆಯೇ ಅಡುಗೆಯ ಸಾಕವ್ವನ ಬೈಗುಳವೂ ಬಂತು.

"ಒಳಗೆ ದುಡಿಯೋರ ಮಾತು!" ಎಂದ ಚೌಡ. "ಒಲೆ ಎಲ್ಲಿರಬೇಕು ಅಂತ ಸಾಕವ್ವನ್ನ ಯಾರಾದ್ರೂ ಕೇಳಿದ್ರಾ?"

"ಮೂರು ಅರಮನೆ ಆಯ್ತು, ಒಬ್ರೂ ಕೇಳ್ಲಿಲ್ಲ!" ಎಂದು ಸಾಕವ್ವ ಒಳಗಿನಿಂದಲೇ ಕೂಗಿದಳು.

ಮೂರೂ ಸರಿ. ರಾಜರು ಅಲ್ಲಿಯೇ ಅಧಿಕಾರದ ಉಂಗುರ ಕೊಟ್ಟರು. ಚೌಡ ಸಭೆಯವರನ್ನೆಲ್ಲ ಕರೆದುಕೊಂಡು ಊರಾಚೆ ಹೋಗಿ, ಗುಡಿಸಲ ಬಳಿಯ ಗೆರೆಯನ್ನು ಹಿಮ್ಮಡಿಯಿಂದ ಒರೆಸಿ, ನೂರು ಹೆಜ್ಜೆ ಆಚೆಗೆ ಹೊಸದಾಗಿ ಎಳೆದ. ಅವನು ಕೇಳಿಕೊಂಡದ್ದರಿಂದ ಉಪ್ಪರಿಗೆಯ ಇಬ್ಬರ ತಲೆ ಉಳಿಯಿತು. ಮೆಟ್ಟಿಲು ಕಟ್ಟುವ ಕೆಲಸ ಸಿಕ್ಕಿತು.

"ಇನ್ನು ಮದುವೆ," ಎಂದರು ರಾಜರು.

"ನಿನ್ನ ತಾಯಿಯನ್ನು ಕೇಳಿದೆಯಾ?" ಎಂದಳು ಮಲ್ಲಾಂಬೆ ಚೌಡನಿಗೆ.

ಚೌಡ ಗುಡಿಸಲ ಕಡೆ ತಿರುಗಿದ.

ಗುಡಿಸಲ ಬಾಗಿಲಲ್ಲಿ ನಿಂತಿದ್ದ ದುರ್ಗವ್ವ ರಾಜಕುಮಾರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೆಲ ಸಾರ್ಸೋಕೆ ಬರ್ತದಾ ಮಗಾ?"

"ಬರೋಲ್ಲ ಅತ್ತೆ. ಕಲೀತೀನಿ."

"ಹಂಗಾದ್ರೆ ಒಳಗೆ ಬಾ. ಬಾಗಿಲು ಗಿಡ್ಡ, ಬಗ್ಗು."

ಮಲ್ಲಾಂಬೆ ಬಗ್ಗಿ ಒಳಗೆ ಹೋದಳು. ಹಿಂದೆಯೇ ಹೊರಟ ಮಹಾರಾಜರ ಕಿರೀಟ ಬಾಗಿಲಿಗೆ ಠಣ್ಣೆಂದು ಬಡಿಯಿತು. ಅವರು ಒಂದು ಕ್ಷಣ ನಿಂತರು, ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡರು, ಬಗ್ಗಿ ಒಳಗೆ ಬಂದರು.