ಬಾನಿಯ ಮುಂದಿನ ಮಣೆ

"ಬುದ್ಧೀ, ಈ ಕಾನೂನುಗಳ ಹಿಂದೆ ನಾನು ಎಲ್ಲೀತನಕ ಓಡ್ಲಿ?"

ಹೀಗೆ ಕೇಳಿದವನು ಮುರಿಗೆಪ್ಪ. ಅವನದೊಂದು ಮಂಡಕ್ಕಿ ಭಟ್ಟಿ ಇತ್ತು, ಅಪ್ಪ ಕಟ್ಟಿಸಿದ್ದು. ಹದಿನೈದಿಪ್ಪತ್ತು ಮಂದಿ ಅಲ್ಲಿ ದುಡಿಯುತ್ತಿದ್ದರು. ಆಗಾಗ ಮಠಕ್ಕೆ ಬಂದು ಗುರುಗಳ ಮುಂದೆ ಕೂರುವುದು ಅವನ ರೂಢಿ. ಆ ದಿನ ಅವನ ಮುಖ ಬಾಡಿತ್ತು.

"ಸರ್ಕಾರ ಇವತ್ತು ಕೆಲಸದ ಹೊತ್ತು ಇಷ್ಟು ಅಂತದೆ, ನಾಳೆ ರಜೆ ಇಷ್ಟು ಅಂತದೆ. ಅದನ್ನ ಭಟ್ಟೀಲಿ ಜಾರಿಗೆ ತರೋಷ್ಟರಲ್ಲಿ ತಿದ್ದುಪಡಿ ಬಂದಿರ್ತದೆ. ಎಲ್ಲಿ ತಪ್ಪಿದೆನೋ ಅಂತ ದಿನಾ ಎದೆ ಡವಡವ. ನಮ್ಮಪ್ಪನ ಕಾಲದಲ್ಲಿ ಇದೇನೂ ಇರ್ಲಿಲ್ಲ. ಆಳುಗಳೂ ನಾವೂ ಒಂದೇ ಪಂಕ್ತೀಲಿ ಕೂತು ಉಣ್ತಿದ್ವಿ. ಈಗ ಅವರು ನನ್ನ ಮುಖ ನೋಡಿ ಮಾತೇ ಆಡಲ್ಲ. ಆ ದಿನಗಳು ನೆನಪಾದ್ರೆ ಕರುಳು ಚುರ್ ಅಂತದೆ ಬುದ್ಧೀ."

ಗುರುಗಳು ನಕ್ಕರು. "ಕಾನೂನು ಓದಿ ಹೇಳುವವನೊಬ್ಬನನ್ನು ಗೊತ್ತು ಮಾಡಿಕೋ. ಅದಕ್ಕೆ ಗುರು ಯಾಕಪ್ಪ, ವಕೀಲ ಸಾಕು. ಆದರೆ ಕೊನೆಗೊಂದು ಮಾತು ಆಡಿದೆಯಲ್ಲ, ಅದಕ್ಕೆ ಒಂದು ಕತೆ ಇದೆ" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ನೀಲಿ ಅದ್ದುವುದು ಅವನ ಕಸುಬು. ನೀಲಿಯ ಬಾನಿ ಎಂದರೆ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗುಡಾಣ. ಬಣ್ಣಗಾರರಿಗೆ ಅದು ತಾಯಿ. ಅದರ ಮುಂದೆ ಯಾರೂ ಕೂರಬಾರದು, ನಿಂತು ಬಗ್ಗಿಯೇ ನೂಲು ಅದ್ದಬೇಕು ಎಂಬುದು ಹಿರಿಯರ ಕಾಲದಿಂದ ಬಂದ ಪದ್ಧತಿ.

ಅವನಲ್ಲಿ ಒಬ್ಬ ಹೆಂಗಸು ಕೆಲಸಕ್ಕಿದ್ದಳು. ಮೊದಲ ಬಾನಿ ಹೂಡಿದಾಗಿನಿಂದ ಇದ್ದವಳು. ಬಣ್ಣಗಾರ ಅವಳನ್ನು ಅಕ್ಕ ಎನ್ನುತ್ತಿದ್ದ. ಬರೀ ಬಾಯಿಮಾತಿಗೆ ಅಂದದ್ದಲ್ಲ. ಹೆಂಡತಿ ತೀರಿಕೊಂಡು ಅವನು ಅನ್ನ ಬಿಟ್ಟು ಕೂತಾಗ ತುತ್ತು ಮಾಡಿ ಉಣ್ಣಿಸಿದವಳು ಅವಳೇ. ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು "ತಾಯಿ ಎದ್ಲಾ?" ಎಂದು ಕೂಗುವಳು. ಬಾನಿಯಲ್ಲಿ ನೊರೆ ಎದ್ದಿದೆಯೇ, ನೂಲು ಅದ್ದಬಹುದೇ ಎಂದು ಅದರ ಅರ್ಥ. "ಎದ್ಲು, ಬಾರಕ್ಕ" ಎಂದು ಇವನು ಒಳಗಿನಿಂದ ಕೂಗುವನು. ಆ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದು ಹೀಗೆ.

ಬಣ್ಣಗಾರ ಕೆಟ್ಟವನಾಗಿರಲಿಲ್ಲ. ಕಟ್ಟಳೆಯ ಮನುಷ್ಯ, ಅಷ್ಟೆ. ಅರಸರು ಡಂಗುರ ಹೊಡೆಸಿ ಸಾರಿದ್ದನ್ನು ಚಾಚೂ ತಪ್ಪದೆ ನಡೆಸುವನು. ಸಾರದೆ ಇದ್ದದ್ದನ್ನು ಜಪ್ಪಯ್ಯ ಅಂದರೂ ಕೊಡುತ್ತಿರಲಿಲ್ಲ.

ಬಗ್ಗಿ ಬಗ್ಗಿ ಅಕ್ಕನ ಸೊಂಟ ಬಿದ್ದುಹೋಯಿತು. ಒಂದು ದಿನ ಅವಳು, "ತಮ್ಮಾ, ನನಗೊಂದು ಮಣೆ ಹಾಕಿಕೊಡು. ಕೂತು ಅದ್ದುತೀನಿ" ಎಂದಳು.

"ತಾಯಿ ಮುಂದೆ ಕೂರೋದುಂಟೇನಕ್ಕಾ?"

"ಮಕ್ಕಳು ತಾಯಿ ಮುಂದೆ ಕೂರದೆ ಇನ್ಯಾರ ಮುಂದೆ ಕೂರ್ತಾರೋ?"

ಉತ್ತರ ತೋಚದ ಒಡೆಯರು ಏನು ಮಾಡುತ್ತಾರೋ ಬಣ್ಣಗಾರನೂ ಅದನ್ನೇ ಮಾಡಿದ, ಅರಸರ ಹೆಸರು ಹೇಳಿದ. "ಹಂಗಂತ ಕಟ್ಟಳೆ ಇಲ್ಲಕ್ಕ. ಬಂದ್ರೆ ಆವತ್ತೇ ಕೊಡ್ತೀನಿ."

ಅವಳು ಕೈ ತೊಳೆದುಕೊಂಡು ಹೋದಳು. ಮರುದಿನ ಬೆಳಗ್ಗೆ ಬಾಗಿಲಲ್ಲಿ ಯಾರೂ ಕೂಗಲಿಲ್ಲ.

ನಾಳೆ ಬಂದಾಳು, ನಾಡಿದ್ದು ಬಂದಾಳು ಎಂದು ಅವನು ಕಾದ. ತಾನೇ ಹೋಗಿ ಕರೆಯಲು ಬಿಗುಮಾನ. ಬಿಗುಮಾನ ಇಳಿದು ಅವಳ ಮನೆಗೆ ಹೋಗುವ ಹೊತ್ತಿಗೆ ಅಲ್ಲಿ ಬೇರೆ ಯಾರೋ ಒಲೆ ಹೊತ್ತಿಸಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು.

ಒಂದು ಮಳೆಗಾಲ ಕಳೆಯಿತು. ಊರ ಅಗಸೆ ಬಾಗಿಲಲ್ಲಿ ಡಂಗುರ ಬಿತ್ತು. ನಿಂತು ಬಗ್ಗಿ ದುಡಿಯುವ ಆಳುಗಳಿಗೆ ಒಡೆಯರು ಕೂರಲು ಮಣೆ ಕೊಡತಕ್ಕದ್ದು ಎಂದು ಅರಸರ ಅಪ್ಪಣೆಯಾಗಿತ್ತು. ಬಣ್ಣಗಾರ ಡಂಗುರದವನ ಕೈ ಹಿಡಿದುಕೊಂಡು, ಇದು ಯಾರು ಬೇಡಿದ ಕಟ್ಟಳೆ ಎಂದು ಕೇಳಿದ. ಮೊಣಕೈವರೆಗೆ ನೀಲಿ ಹತ್ತಿದ ಮುದುಕಿಯೊಬ್ಬಳು ದಿನಾ ಬಂದು ಅರಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಕೊನೆಗೆ ಅರಸರೇ ಹೊರಗೆ ಬಂದು ಏನು ಬೇಕೆಂದು ಕೇಳಿದರು ಎಂದು ಡಂಗುರದವನು ಹೇಳಿದ. ಈಗ ಅವಳು ಎಲ್ಲಿದ್ದಾಳೋ ಅವನಿಗೂ ಗೊತ್ತಿರಲಿಲ್ಲ.

ಬಣ್ಣಗಾರ ಆವತ್ತೇ ಬಡಗಿಯನ್ನು ಕರೆಸಿ ಹಲಸಿನ ಮಣೆಗಳನ್ನು ಮಾಡಿಸಿದ. ಆಳಿಗೊಂದು, ಅಕ್ಕನಿಗೂ ಒಂದು. ಆಳುಗಳು ಬಾನಿಯ ಮುಂದೆ ಕೂತು ನೂಲು ಅದ್ದಿದರು. ತಾಯಿ ಮುನಿಯಲಿಲ್ಲ. ನೀಲಿ ಎಂದಿನಂತೆಯೇ ಬಂತು. ಅಕ್ಕನ ಮಣೆಯ ಮೇಲೆ ಮಾತ್ರ ಅವನು ಯಾರನ್ನೂ ಕೂರಗೊಡಲಿಲ್ಲ.

ಅಂದಿನಿಂದ ಡಂಗುರದ ದಿನ ಅಗಸೆಯಲ್ಲಿ ಎಲ್ಲರಿಗಿಂತ ಮೊದಲು ನಿಂತಿರುವವನು ಅವನೇ. ಮಧ್ಯಾಹ್ನ ಆಳುಗಳನ್ನು ಬಿಸಿಲಿಗೆ ನಿಲ್ಲಿಸಬಾರದು ಎಂದು ಕಟ್ಟಳೆ ಬಂತು. ಬಾಣಂತಿಗೆ ಬಿಡುವು ಕೊಡಬೇಕೆಂದು ಬಂತು. ಹಳೆಯದು ಹೋಗಿ ಹೊಸದು ಬಂತು, ಹೊಸದನ್ನು ತಿದ್ದಿ ಇನ್ನೊಂದು ಬಂತು. ಎಲ್ಲವನ್ನೂ ಅವನು ನಡೆಸಿದ. ಕಟ್ಟಳೆ ಪಾಲಿಸುವುದನ್ನು ಬಣ್ಣಗಾರನನ್ನು ನೋಡಿ ಕಲಿಯಬೇಕು ಎಂದು ಊರು ಹೊಗಳಿತು. ಊರಿಗೇನು ಗೊತ್ತು, ಅವನು ಅಗಸೆಗೆ ಹೋಗುತ್ತಿದ್ದದ್ದು ಅವಳ ಸುದ್ದಿಗಾಗಿ. ಬೆಳಗ್ಗೆ ಬಾನಿಯಲ್ಲಿ ನೊರೆ ಎದ್ದಾಗ ಅವನ ಕಿವಿ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಆ ಒಂದು ಕೂಗು ಕೇಳುವುದಾದರೆ ಬಾನಿಗಳನ್ನೆಲ್ಲ ಕೊಟ್ಟುಬಿಡಲು ಅವನು ಸಿದ್ಧನಿದ್ದ.

ಕೊನೆಗೊಮ್ಮೆ ಡಂಗುರದವನು ಸುದ್ದಿ ತಂದ. ಅವಳು ಹೊಳೆಯಾಚೆಯ ಹಳ್ಳಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಳು. ಬಣ್ಣಗಾರ ಮಣೆಯನ್ನು ಹೆಗಲಿಗೇರಿಸಿಕೊಂಡು ಹೊಳೆ ದಾಟಿದ. ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇವನನ್ನು ಕಂಡು ಅವಳ ಮುಖ ಅರಳಿತು. ಮೊರವನ್ನು ಪಕ್ಕಕ್ಕೆ ಸರಿಸಿ, ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.

"ಅಕ್ಕಾ, ನಿನ್ನ ಮಣೆ ತಂದಿದೀನಿ. ಈಗ ಕಟ್ಟಳೆ ಬಂದದೆ. ಮನೆಗೆ ಬಾ."

ಅವಳು ಮಣೆಯ ಮೇಲೆ ಕೈಯಾಡಿಸಿದಳು. "ಚೆಂದ ಮಾಡ್ಸಿದೀಯ ಕಣೋ. ಆದ್ರೆ ಅರಸರ ಹತ್ರ ನಾನು ಎಲ್ಲರಿಗೋಸ್ಕರ ಕೇಳಿದ್ದು. ನನಗೆ ಅಂತ ಕೇಳಿದ್ದು ನಿನ್ನೊಬ್ಬನ ಹತ್ರ."

ಅವಳು ಅವನಿಗೆ ಹೊಟ್ಟೆ ತುಂಬ ಉಣ್ಣಲಿಕ್ಕಿ ಹೊಳೆಯ ತನಕ ಬಂದು ಕಳಿಸಿದಳು. ಹೊಳೆ ದಾಟಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೆಪ್ಪ, "ಹಂಗಾದ್ರೆ ಅಷ್ಟೆಲ್ಲ ಕಟ್ಟಳೆ ಪಾಲಿಸಿ ಏನು ಬಂತು ಬುದ್ಧೀ?" ಎಂದ.

"ಆಳುಗಳೆಲ್ಲ ಕೂತರಲ್ಲ. ಅದು ಸಣ್ಣದೇನಪ್ಪ?"

"ಮತ್ತೆ ನಮ್ಮಪ್ಪನ ಕಾಲದ ಆ ದಿನಗಳು?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಅವಳು ಆಡಿದ ಮಾತು ಅವನ ಬಾಗಿಲಲ್ಲಿ ನಡೆಯದ್ದರಿಂದ ಅರಮನೆ ಸುತ್ತಿ ಡಂಗುರವಾಗಿ ಬಂತು. ನಿನ್ನ ಭಟ್ಟಿಯವರು ಕೊನೆಯ ಸಲ ನಿನ್ನನ್ನು ಕೇಳಿದ್ದೇನು, ನೆನಪಿದೆಯಾ ಮುರಿಗೆಪ್ಪ?"