ಸೆರೆಮನೆಯ ಬಾಗಿಲ ಕಲ್ಲುಗಳು

“ಗುರುಗಳೇ, ಸೆರೆಮನೆಯಲ್ಲಿ ಎಷ್ಟು ಜನರಿದ್ದಾರೆಂದು ಊರಿಗೆಲ್ಲ ಗೊತ್ತಿದ್ದರೆ, ಕೈದಿಯೊಬ್ಬ ಕಾಣೆಯಾಗುವುದಾದರೂ ಹೇಗೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾಣೆಯಾಗುವುದಿಲ್ಲವೆಂದೇ ಒಂದು ಊರಿನವರೆಲ್ಲ ನಂಬಿದ್ದರು. ಅಲ್ಲಿನ ಸೆರೆಮನೆಯ ಹೆಬ್ಬಾಗಿಲ ಹೊರಗೆ ಒಂದು ತೊಟ್ಟಿ ಇತ್ತು. ಒಬ್ಬನನ್ನು ಒಳಗೆ ಹಾಕಿದರೆ ಅವನ ಮನೆಯವರು ತಂದ ಕಲ್ಲನ್ನು ಕಾವಲುಗಾರ ತೊಟ್ಟಿಗೆ ಹಾಕುತ್ತಿದ್ದ. ಕೈದಿ ಬಾಗಿಲು ದಾಟಿ ಹೊರಬಂದ ದಿನ ಅದನ್ನು ತೆಗೆದುಬಿಡುತ್ತಿದ್ದ. ಒಳಗೆ ಎಷ್ಟು ಜನರಿದ್ದಾರೆಂದು ಓದು ಬಾರದವರೂ ಕಲ್ಲೆಣಿಸಿ ತಿಳಿಯಬಹುದಿತ್ತು. ನೆರೆರಾಜ್ಯದ ಮಂತ್ರಿಗಳು ಬಂದು ನೋಡಿ, ಹೊಗಳಿ, ಊಟ ಮಾಡಿ, ತಮ್ಮಲ್ಲೂ ತೊಟ್ಟಿ ಕಟ್ಟಿಸಿದರು. ಒಳಗೆ ಹೋಗಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಬುಟ್ಟಿ ಹೆಣೆಯುವವಳೊಬ್ಬಳ ಗಂಡನನ್ನು, ಅರಸನ ಕಾಡಿನ ಬಿದಿರು ಕಡಿದನೆಂದು ಹಿಡಿದು ಹಾಕಿದರು. ವಿಚಾರಣೆ ಇನ್ನೂ ಆಗಿರಲಿಲ್ಲ. ಅವಳು ಹಳ್ಳದಿಂದ ಬಿಳಿಗೆರೆಯ ಕಪ್ಪುಕಲ್ಲೊಂದನ್ನು ಆರಿಸಿ ತಂದುಕೊಟ್ಟಳು. ಸಂತೆಗೆ ಹೋಗುವಾಗಲೆಲ್ಲ ಅದನ್ನು ಹುಡುಕಿ, ಸೆರಗಿನಿಂದ ಉಜ್ಜಿ, ಮತ್ತೆ ಅಲ್ಲಿಯೇ ಇಡುತ್ತಿದ್ದಳು.

“ಏನಕ್ಕಾ, ಯಜಮಾನರಿಗೆ ಅಭ್ಯಂಜನವೋ?” ಎಂದು ಕಾವಲುಗಾರ ನಗುತ್ತಿದ್ದ.

“ಒಳಗೆ ಬಿಡು, ಅಲ್ಲೇ ಉಜ್ಜುತ್ತೇನೆ. ಬಿಡುವುದಿಲ್ಲ ಅಂದಮೇಲೆ ಸುಮ್ಮನಿರು.”

ಮಳೆಗಾಲದಲ್ಲಿ ಸೆರೆಮನೆಯೊಳಗೆ ಜ್ವರ ಹಬ್ಬಿದೆ ಎಂಬ ಸುದ್ದಿ ಬಂತು. ಊರ ಹಿರಿಯರು ಹೋಗಿ ತೊಟ್ಟಿ ನೋಡಿದರು. ಒಂದು ಕಲ್ಲೂ ಕಡಿಮೆಯಾಗಿರಲಿಲ್ಲ. ಸುದ್ದಿ ಸುಳ್ಳೆಂದು ತೀರ್ಮಾನಿಸಿ, ಹೊರಟು ನಿಂತಿದ್ದ ವೈದ್ಯನನ್ನು ಮನೆಗೆ ಕಳಿಸಿದರು.

ಬುಟ್ಟಿಯವಳ ಅಣ್ಣ ಮಾತ್ರ ಓಡಿಬಂದ. “ನಡಿಯೇ, ಅರಸನ ಕಾಲಿಗೆ ಬಿದ್ದು ಭಾವನನ್ನು ಈಗಲೇ ಬಿಡಿಸಿಕೊಂಡು ಬರೋಣ” ಎಂದ.

ಅವಳು ಮೊದಲು ತೊಟ್ಟಿಯ ಹತ್ತಿರ ಹೋದಳು. ಕಪ್ಪುಕಲ್ಲು ಇತ್ತು. “ಇದ್ದಾರಲ್ಲಣ್ಣಾ. ವಿಚಾರಣೆಗೆ ಮೊದಲೇ ದೊಡ್ಡವರ ಸಿಟ್ಟು ಯಾಕೆ ಕಟ್ಟಿಕೊಳ್ಳುವುದು?” ಎಂದು ಮನೆಗೆ ಬಂದು ಬಿದಿರು ಸೀಳಲು ಕುಳಿತಳು.

ಮಳೆ ನಿಂತ ಮೇಲೆ ವಿಚಾರಣೆ ನಡೆಯಿತು. ಬಿದಿರು ಕಡಿದವನು ಬೇರೆಯವನೆಂದು ಗೊತ್ತಾಯಿತು. ಅವಳು ಹೊಸ ಪಂಚೆ ತಂದು ಹೆಬ್ಬಾಗಿಲಲ್ಲಿ ನಿಂತಳು. ಕಾವಲುಗಾರ ಒಳಮುಖವಾಗಿ ಅವಳ ಗಂಡನ ಹೆಸರು ಕೂಗಿದ. ಯಾರೂ ಬರಲಿಲ್ಲ. ತೊಟ್ಟಿಯನ್ನು ಇಣುಕಿ ನೋಡಿ, “ಕಲ್ಲು ಇದೆ, ಇಲ್ಲೇ ಎಲ್ಲೋ ಇರಬೇಕು” ಎಂದು ಇನ್ನೂ ಗಟ್ಟಿಯಾಗಿ ಕೂಗಿದ. ಅವಳೂ ದನಿಗೂಡಿಸಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಆ ಕಾವಲುಗಾರ ಲೆಕ್ಕದಲ್ಲಿ ಮೋಸ ಮಾಡಿದ್ದನೇ?” ಎಂದು ಶಿಷ್ಯ ಕೇಳಿದ.

“ಇಲ್ಲ” ಎಂದರು ಗುರುಗಳು. “ಹೆಣ ಹೆಬ್ಬಾಗಿಲು ದಾಟಿದರೆ ಅಪಶಕುನವೆಂದು, ಸತ್ತವರನ್ನು ಅಲ್ಲಿ ಹಿಂದಿನ ಗೋಡೆಯ ಕಂಡಿಯಿಂದ ಸಾಗಿಸುತ್ತಿದ್ದರು.”