ನಾಗವೇಣಿಯ ಎದೆಬಡಿತ ಕಾಯ್ದ ನಾಡಿಗೌರಿಯ ಕಥೆ

ಅಕ್ಷತೆ ಹಿಡಿದು ದೀಪದ ಮುಂದೆ ಕೂತವರೆಲ್ಲ ಮನಸ್ಸಿಟ್ಟು ಕೇಳಿರಿ. ಮಡಿಲಲ್ಲಿ ಕೂಸಿದ್ದವರು ಕೂಸನ್ನು ಎದೆಗಾನಿಸಿಕೊಂಡು ಕೇಳಿರಿ.

ಹೊಳೆಯು ಕಡಲನ್ನು ಸೇರುವಲ್ಲಿ, ಉಪ್ಪಿನ ಆಗರಗಳಿದ್ದ ಒಂದು ಊರಿನಲ್ಲಿ, ಹಮ್ಮಯ್ಯನೆಂಬವನೂ ಅವನ ಹೆಂಡತಿ ಮಂಕಾಳಿಯೂ ಇದ್ದರು. ಗಂಡ ಆಗರದ ಗದ್ದೆಗೆ ಉಪ್ಪುನೀರು ಕಟ್ಟುತ್ತ, ಹೆಂಡತಿ ಒಣಗಿದ ಉಪ್ಪನ್ನು ಬುಟ್ಟಿಯಲ್ಲಿ ಹೊತ್ತು ರಾಶಿಗೆ ಸುರಿಯುತ್ತ ಬದುಕಿದ್ದರು. ಒಂಬತ್ತು ವರ್ಷ ಮಕ್ಕಳಿಲ್ಲದೆ ಕೊರಗಿ, ಊರ ದೇವಿ ನಾಡಿಗೌರಿಗೆ ಹರಕೆ ಹೊತ್ತು, ಹತ್ತನೆಯ ವರ್ಷದಲ್ಲಿ ಹೆಣ್ಣು ಕೂಸನ್ನು ಪಡೆದು ನಾಗವೇಣಿಯೆಂದು ಹೆಸರಿಟ್ಟರು.

ಆದರೆ ಕೂಸಿನ ಎದೆಬಡಿತ ತೀರ ನಿಧಾನವಾಗಿತ್ತು. ಹಾಲಿಗೆ ಬಾಯಿಟ್ಟರೆ ನಾಲ್ಕು ಗುಟುಕಿಗೇ ದಣಿದು, ಹಣೆಯೆಲ್ಲ ಬೆವರಿ, ಅಳಲೂ ತ್ರಾಣವಿಲ್ಲದೆ ಮಲಗುತ್ತಿತ್ತು. ದಂಪತಿಗಳು ಕೂಸನ್ನೆತ್ತಿಕೊಂಡು ದೂರದ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಲು, ಅಲ್ಲಿಯ ಡಾಕ್ಟರಮ್ಮ ಅದರ ಹೊಟ್ಟೆಯ ಚರ್ಮದ ಕೆಳಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೇಸ್‌ಮೇಕರ್ ಪೆಟ್ಟಿಗೆಯನ್ನಿಟ್ಟು, ಅದರಿಂದ ಹೃದಯಕ್ಕೆ ಸಣ್ಣ ತಂತಿ ಸೇರಿಸಿ ಹೊಲಿದರು. ಹೃದಯ ಮರೆತ ಬಡಿತವನ್ನು ಪೆಟ್ಟಿಗೆ ನೆನಪಿಸುತ್ತ ಬರಲು, ಕೆಲವು ದಿನಗಳಲ್ಲಿ ಕೂಸು ವಾರ್ಡಿಗೆಲ್ಲ ಕೇಳುವಂತೆ ಅತ್ತಿತು. ಆ ಅಳು ಕೇಳಿ ತಾಯಿ ನಕ್ಕಳು.

ವಾರ್ಡಿನಲ್ಲಿ ಕೂಸುಗಳ ಬಟ್ಟೆ ಬದಲಿಸುವ ಗೌರಜ್ಜಿಯೆಂಬ ಮುದುಕಿಯಿದ್ದಳು. ಹರಕೆ ತೀರಿಸುವ ಬಗೆ ಹೇಗೆಂದು ಮಂಕಾಳಿ ಕೇಳಲು ಆಕೆ ಹೇಳಿದಳು: “ಬೆಳ್ಳಿ ಬಂಗಾರ ಬೇಡ ಮಗಳೇ. ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿ, ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಣಿಕಟ್ಟಿಗೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸು. ಡಾಕ್ಟರಮ್ಮ ಹೇಳಿದಂತೆ ಆರು ತಿಂಗಳಿಗೊಮ್ಮೆ ಇಲ್ಲಿಗೆ ಕರೆದುಕೊಂಡು ಬಾ. ಕೂಸನ್ನು ನೋಡಿಕೊಳ್ಳುವವರಿಗೆ ಪೆಟ್ಟಿಗೆಯ ಸಂಗತಿ ಮುಚ್ಚಿಡಬೇಡ. ಇಷ್ಟೇ ವ್ರತ.”

ಐದು ವರ್ಷ ಮಂಕಾಳಿ ಹಾಗೆಯೇ ನಡೆದಳು. ಆರನೆಯ ವರ್ಷ, ನೆಂಟರ ಮನೆಯ ನಾಮಕರಣದಲ್ಲಿ, ನಾಗವೇಣಿಗೆ ಸ್ನಾನ ಮಾಡಿಸುವಾಗ ಹೆಂಗಸರು ಹೊಟ್ಟೆಯ ಮೇಲೆ ಪೆಟ್ಟಿಗೆಯ ಉಬ್ಬನ್ನೂ ಗಾಯದ ಗುರುತನ್ನೂ ಕಂಡು, “ಯಂತ್ರದ ಕೂಸು. ನಾಳೆ ಇದನ್ನು ಯಾರು ಕಟ್ಟಿಕೊಳ್ಳುತ್ತಾರೆ?” ಎಂದು ಪಿಸುಗುಟ್ಟಿದರು. ಆ ಮಾತು ಮಂಕಾಳಿಯ ಕಿವಿಗೆ ಬಿದ್ದು, ಅಂದಿನಿಂದ ಅವಳಿಗೆ ನಾಚಿಕೆ ಹತ್ತಿತು. ಶಾಲೆಗೆ ಸೇರಿಸುವಾಗ ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ. ಎಲ್ಲಿಗೆ ಹೊರಟಿರೆಂದು ಬಸ್ಸಿನಲ್ಲಿ ಜನ ಕೇಳುವರೆಂದು ಅಂಜಿ, “ಈ ಸಲ ಬೇಡ, ಹುಡುಗಿ ಚೆನ್ನಾಗಿಯೇ ಇದ್ದಾಳಲ್ಲ” ಎಂದು ಗಂಡನ ಬಾಯಿ ಮುಚ್ಚಿಸಿ ಮೂರು ತಪಾಸಣೆ ತಪ್ಪಿಸಿದಳು. ಮಗಳ ಕೈ ಹಿಡಿದರೆ ಆ ಪಿಸುಮಾತೇ ನೆನಪಾಗುವುದೆಂದು ಶುಕ್ರವಾರದ ಎಣಿಕೆಯನ್ನೂ ಬಿಟ್ಟಳು.

ಇತ್ತ ನಾಗವೇಣಿ ಇನ್ನೊಂದು ಗೇಣು ಎತ್ತರ ಬೆಳೆದಳು. ಒಳಗಿನ ತಂತಿ ಬೆಳೆಯುವುದುಂಟೇ? ಅದು ಬಿಗಿಯುತ್ತ ಬಂತು. ಶಾಲೆಯಲ್ಲಿ ಮಕ್ಕಳೆಲ್ಲ ಓಡುವಾಗ ಇವಳು ಕಂಬಕ್ಕೊರಗಿ ಕೂರತೊಡಗಿದಳು. ಪೆಟ್ಟಿಗೆಯ ಸಂಗತಿ ತಿಳಿಯದ, ಪಾಠ ಹೇಳುವ ಶಕುಂತಲಾ ಅಕ್ಕೋರು ಸೋಮಾರಿಯೆಂದು ಗದರಿ ಬಾಗಿಲ ಬಳಿ ನಿಲ್ಲಿಸಿದರು.

ಮನೆಗೆ ಬಂದ ಮಗಳು ಕೇಳಿದಳು: “ಅವ್ವೀ, ನಾನು ಸೋಮಾರಿಯಾ? ಓಡಲು ಕಾಲೇ ಬರುವುದಿಲ್ಲ ನನಗೆ.”

ತಾಯಿ ಮಗಳ ಹಣೆಯ ಬೆವರು ಒರೆಸಿ ತಟ್ಟೆಗೆ ಅನ್ನ ಬಡಿಸಿದಳು.

ಮರುದಿನ ಶಾಲೆ ಬಿಟ್ಟು ಬರುವಾಗ ನಾಗವೇಣಿ ಆಗರದ ಬದುವಿನ ಮೇಲೆ ಕುಸಿದಳು. ಮಂಕಾಳಿ ಬುಟ್ಟಿ ಎಸೆದು ಓಡಿ, ಮಗಳ ತಲೆಯನ್ನು ತೊಡೆಗಿಟ್ಟು, ಮಣಿಕಟ್ಟಿಗೆ ಬೆರಳಿಟ್ಟಳು. ಹಮ್ಮಯ್ಯ ರಿಕ್ಷಾ ಕರೆದು ತರುವಷ್ಟರಲ್ಲಿ ಎಣಿಸಿದ್ದಳು: ನಿಮಿಷಕ್ಕೆ ಬರೀ ಮೂವತ್ತೆಂಟು.

ಆಸ್ಪತ್ರೆಯಲ್ಲಿ ನೋಡಲು ತಂತಿ ಮುರಿದಿತ್ತು. “ತಪಾಸಣೆಗೆ ಬರುತ್ತಿದ್ದರೆ ಮೊದಲೇ ಗೊತ್ತಾಗುತ್ತಿತ್ತಲ್ಲಮ್ಮ” ಎಂದಷ್ಟೇ ಹೇಳಿ ಡಾಕ್ಟರಮ್ಮ ಒಳಗೆ ಹೋದರು. ಮಂಕಾಳಿ ಗೌರಜ್ಜಿಯ ಕಾಲಿಗೆ ಬಿದ್ದು, ದೇವಿ ಮುನಿದಳೆಂದು ಗೋಳಾಡಿದಳು. ಮುದುಕಿ ಅವಳನ್ನೆಬ್ಬಿಸಿ ಸೆರಗಿನಿಂದ ಮುಖ ಒರೆಸಿ, “ಮುನಿದಿದ್ದರೆ ನಿನ್ನ ಬೆರಳಿಗೆ ಆ ಮೂವತ್ತೆಂಟು ಸಿಗುತ್ತಿತ್ತೇನೇ ಹುಚ್ಚಿ? ಹೋಗು, ಮಗಳು ಕಣ್ಣು ಬಿಡುವಾಗ ಹತ್ತಿರವಿರು” ಎಂದಳು.

ಹೊಸ ತಂತಿ, ಹೊಸ ಪೆಟ್ಟಿಗೆ ಸೇರಿ ಬಡಿತ ನೆಟ್ಟಗಾಗಲು ನಾಗವೇಣಿ ಕಣ್ಣು ಬಿಟ್ಟಳು. ತಾಯಿ ಎಲ್ಲವನ್ನೂ ಒಪ್ಪಿಕೊಂಡು, “ತಪ್ಪು ನನ್ನದು ಮಗಾ” ಎಂದು ಅತ್ತಳು. ಮಗಳು ಅವಳ ಬಳೆ ಹಿಡಿದೆಳೆದು, “ಹಾಗಾದರೆ ಅಕ್ಕೋರಿಗೆ ಹೇಳ್ತೀಯಾ, ನಾನು ಸೋಮಾರಿ ಅಲ್ಲಾಂತ?” ಎಂದು ಕೇಳಿದಳು.

ಊರಿಗೆ ಬಂದ ಮಂಕಾಳಿ, ಗಂಡನ ಜೊತೆ ಶಾಲೆಗೆ ಹೋಗಿ, ಮಕ್ಕಳೆಲ್ಲರ ಎದುರು ನಿಂತು ಪೆಟ್ಟಿಗೆಯ ಸಂಗತಿಯನ್ನೆಲ್ಲ ಹೇಳಿದಳು. ಅಕ್ಕೋರು ಕಣ್ಣೊರೆಸಿಕೊಂಡು, ನಾಗವೇಣಿಯನ್ನು ಮಡಿಲಿಗೆಳೆದುಕೊಂಡು, ನಾಡಿ ನೋಡುವುದನ್ನು ಅಲ್ಲಿಯೇ ಕಲಿತರು. ಗಾಯ ಮಾಯ್ದ ಮೇಲೆ, ಡಾಕ್ಟರಮ್ಮ ಆಡಬಹುದೆನ್ನಲು, ನಾಗವೇಣಿ ಗೆಳತಿಯರೊಡನೆ ಬದುವಿನ ಮೇಲೆ ಓಡಿದಳು. ತಾಯಿ ಬುಟ್ಟಿ ಹೊತ್ತು ನಿಂತು ನೋಡಿದಳು, ಕೂಗಿ ಕರೆಯಲಿಲ್ಲ.

ಹೀಗೆ ನಾಡಿಗೌರಿಯು ಮಂಕಾಳಿಗೆ ಒಲಿದಂತೆ, ಈ ಕಥೆ ಹೇಳಿದವರಿಗೂ ಹೂಂಗುಟ್ಟಿ ಕೇಳಿದವರಿಗೂ ಒಲಿಯಲಿ. ಅರ್ಧಕ್ಕೇ ನಿದ್ದೆಹೋದ ಮಕ್ಕಳಿಗೆ ಪೂರ್ತಿ ಕೇಳಿದ ಫಲವೇ ದೊರೆಯಲಿ. ಈಗ ಅಕ್ಷತೆಯನ್ನು ದೇವಿಯ ಪಾದಕ್ಕಿಟ್ಟು, ಪಕ್ಕದಲ್ಲಿ ಕೂತ ಮಗುವಿನ ಕೈ ಹಿಡಿಯಿರಿ.